ಮಿರ್ಚಿ ಬಜ್ಜಿಯೂ ಸಸ್ಯಾಹಾರವೇ: ಶುಗರ್, ಬಿಪಿ ಬರುವ ಮೊದಲೇ ತಟ್ಟೆ ಸರಿಮಾಡಿಕೊಳ್ಳುವ ಬಗೆ

ಗಂಗಾವತಿಯಲ್ಲಿ ಮುಂಜಾನೆ ಎಂಟಕ್ಕೆ ಯಾವ ಓಣಿಗೆ ಹೋದರೂ ಮಂಡಾಳು (ಮಂಡಕ್ಕಿ) ಒಗ್ಗರಣೆಯ ವಾಸನೆ. ಪಕ್ಕದಲ್ಲೇ ಕಾದ ಎಣ್ಣೆಗೆ ಮಿರ್ಚಿ ಬೀಳುವ ಸದ್ದು. ಇಪ್ಪತ್ತು ವರ್ಷ ನನ್ನ ನಾಷ್ಟಾ ಅದೇ ಆಗಿತ್ತು. ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ, ಸಕ್ಕರೆ ಜಾಸ್ತಿ ಹಾಕಿದ ಚಹಾ. ಮಧ್ಯಾಹ್ನ ಸೋನಾ ಮಸೂರಿ ಅನ್ನ, ತಿಳಿಸಾರು, ಹಪ್ಪಳ, ಉಪ್ಪಿನಕಾಯಿ. ರಾತ್ರಿ ಮತ್ತೆ ಅನ್ನ. ನಲವತ್ತಾರನೇ ವಯಸ್ಸಿಗೆ ಮೊದಲ ಸಲ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 118, ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಶುಗರ್ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ ಅಂದರು ಡಾಕ್ಟರಮ್ಮ.

"ಮೇಡಂ, ನಾವು ಹುಟ್ಟಿದಾಗಿಂದ ಸಸ್ಯಾಹಾರಿಗಳು. ಮೊಟ್ಟಿ ಸಹಿತ ಮುಟ್ಟಂಗಿಲ್ಲ. ನಮಗ್ಯಾಕ ಶುಗರ್?" ಅಂತ ಕೇಳಿದೆ.

"ಮಿರ್ಚಿನೂ ಸಸ್ಯಾಹಾರನೇ ಅಲ್ವಾ ಸರ್?" ಅಂದರು.

ಆ ಒಂದು ಮಾತು ನನ್ನನ್ನು ಓದಲು ಕೂರಿಸಿತು. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಯಾರಾದರೂ "ಇಷ್ಟು ಪರ್ಸೆಂಟ್ ಕಡಿಮೆ" ಅಂದರೆ, ಎಷ್ಟರಲ್ಲಿ ಕಡಿಮೆ ಅಂತ ಕೇಳುವ ಚಟ ಇದೆ. ಓದಿದ್ದನ್ನು ಮನೆಯ ಅಡುಗೆಯಲ್ಲಿ ಮಾಡಿ ನೋಡಿದೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಅವಸರ ಇದ್ದವರು ಮುಂದಿನ ಭಾಗ ಬಿಟ್ಟು ನೇರವಾಗಿ ಮೊದಲ ಹೆಜ್ಜೆಗೆ ಹೋಗಬಹುದು. ಆದರೆ ಯಾಕೆ ಅಂತ ತಿಳಿಯದೆ ಬದಲಿಸಿದ ಊಟ ಹದಿನೈದು ದಿನ ನಡೆದೀತು, ಹದಿನಾರನೇ ದಿನ ಮತ್ತೆ ಮಿರ್ಚಿ ಬಂಡಿಯ ಮುಂದೆ ನಿಂತಿರುತ್ತೀರಿ. ನಾನು ಒಂದು ಸಲ ಹಾಗೆ ನಿಂತಿದ್ದೆ.

ಪುರಾವೆ ಏನಿದೆ, ಎಷ್ಟು ಗಟ್ಟಿ ಇದೆ

ಡಾಕ್ಟರಮ್ಮನ ಮಾತಿಗೆ ಸರಿಯಾಗಿ ಹೊಂದುವ ಅಧ್ಯಯನ 2016ರಲ್ಲಿ ಹಾರ್ವರ್ಡ್‌ನಿಂದ ಬಂತು. ಅಮೆರಿಕದಲ್ಲಿ ನರ್ಸುಗಳು, ಹಲ್ಲಿನ ಡಾಕ್ಟರುಗಳು ಸೇರಿ ಆರೋಗ್ಯ ಕ್ಷೇತ್ರದ 2 ಲಕ್ಷಕ್ಕೂ ಹೆಚ್ಚು ಜನರ ಊಟವನ್ನು ಇಪ್ಪತ್ತು ವರ್ಷದ ಮೇಲೆ ಗಮನಿಸಿದ ಲೆಕ್ಕ ಅದು. ಅವರು ಗಿಡದಿಂದ ಬರುವ ಆಹಾರವನ್ನೇ ಎರಡು ಭಾಗ ಮಾಡಿದರು. ಒಂದು ಕಡೆ ಇಡಿಯಾದ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳು. ಇನ್ನೊಂದು ಕಡೆ ಪಾಲಿಶ್ ಮಾಡಿದ ಧಾನ್ಯ, ಆಲೂಗಡ್ಡೆ, ಸಿಹಿತಿಂಡಿ, ಸಕ್ಕರೆ ಪಾನೀಯ. ಮೊದಲನೆಯ ಬಗೆಯ ಊಟ ಹೆಚ್ಚು ಮಾಡಿದವರಿಗೆ ಶುಗರ್ ಬರುವ ಅಪಾಯ 34% ಕಡಿಮೆ ಇತ್ತು. ಎರಡನೆಯದನ್ನು ಹೆಚ್ಚು ಮಾಡಿದವರಿಗೆ 16% ಜಾಸ್ತಿ. ಮರುವರ್ಷ ಇದೇ ಲೆಕ್ಕವನ್ನು ಹೃದಯದ ಕಾಯಿಲೆಗೆ ಹಾಕಿದರು: ಒಂದು ಕಡೆ 25% ಕಡಿಮೆ, ಇನ್ನೊಂದು ಕಡೆ 32% ಜಾಸ್ತಿ. ಎರಡೂ ಗುಂಪಿನ ತಟ್ಟೆಯಲ್ಲಿ ಇದ್ದದ್ದು ಗಿಡದ ಆಹಾರವೇ. ಸಸ್ಯಾಹಾರ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಊಟ ಕೂತಿವೆ, ನಾನು ಇಪ್ಪತ್ತು ವರ್ಷ ಎರಡನೆಯದನ್ನು ಉಂಡಿದ್ದೆ.

ನಾರಿನ (ಧಾನ್ಯ, ಕಾಳು, ತರಕಾರಿಯಲ್ಲಿ ಇರುವ, ಹೊಟ್ಟೆಯಲ್ಲಿ ಕರಗದ ಅಂಶ) ವಿಷಯದಲ್ಲಿ ಪುರಾವೆ ಇನ್ನೂ ದೊಡ್ಡದು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 185 ದೀರ್ಘ ಅಧ್ಯಯನ, 58 ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ನಾರು ತೀರ ಕಡಿಮೆ ತಿನ್ನುವವರಿಗಿಂತ ಜಾಸ್ತಿ ತಿನ್ನುವವರಲ್ಲಿ ಸಾವು, ಹೃದಯದ ಕಾಯಿಲೆ, ಪಾರ್ಶ್ವವಾಯು, ಶುಗರ್, ದೊಡ್ಡ ಕರುಳಿನ ಕ್ಯಾನ್ಸರ್ 15ರಿಂದ 30% ಕಡಿಮೆ ಇದ್ದವು. ದಿನಕ್ಕೆ 25ರಿಂದ 29 ಗ್ರಾಂ ನಾರು ಇದ್ದರೆ ಒಳ್ಳೆಯ ಲಾಭ ಅಂತ ಕಂಡಿತು. ಪರ್ಸೆಂಟ್ ಕೇಳಿ ಹಿಗ್ಗಬೇಡಿ, ಸಾವಿರಕ್ಕೆ ಲೆಕ್ಕ ಹಾಕೋಣ. ಸಾವಿರ ಜನರಲ್ಲಿ 13 ಸಾವು ಕಡಿಮೆ, 6 ಜನಕ್ಕೆ ಹೃದಯದ ಕಾಯಿಲೆ ಕಡಿಮೆ. ಸಣ್ಣ ಸಂಖ್ಯೆ ಅನ್ನಿಸಬಹುದು. ನಮ್ಮ ಗಂಗಾವತಿಯಷ್ಟು ದೊಡ್ಡ ಊರಿಗೆ ಗುಣಿಸಿ ನೋಡಿ.

ಇವೆಲ್ಲ ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನಗಳು. ಇವಕ್ಕೆ ಒಂದು ಮಿತಿ ಇದೆ. ಸೊಪ್ಪು, ಕಾಳು ಜಾಸ್ತಿ ತಿನ್ನುವವರು ಸಾಮಾನ್ಯವಾಗಿ ನಡೆಯುವುದೂ ಜಾಸ್ತಿ, ಬೀಡಿ ಸೇದುವುದು ಕಡಿಮೆ. ಲೆಕ್ಕದಲ್ಲಿ ಅದನ್ನು ಬೇರ್ಪಡಿಸಲು ನೋಡುತ್ತಾರೆ, ಪೂರ್ತಿ ಆಗುವುದಿಲ್ಲ. ಅದಕ್ಕೇ ಪ್ರಯೋಗ ಬೇಕು: ಒಂದು ಗುಂಪಿಗೆ ಈ ಊಟ, ಇನ್ನೊಂದಕ್ಕೆ ಆ ಊಟ. ಬಿಪಿಗೆ ಅಂಥ ಒಳ್ಳೆಯ ಪ್ರಯೋಗ ಇದೆ. 1997ರ ಡ್ಯಾಶ್ ಪ್ರಯೋಗದಲ್ಲಿ 459 ಜನಕ್ಕೆ ಊಟವನ್ನೇ ಅಡುಗೆ ಮಾಡಿ ಕೊಟ್ಟರು. ಹಣ್ಣು, ತರಕಾರಿ, ಇಡೀ ಧಾನ್ಯ ಜಾಸ್ತಿ, ಕೊಬ್ಬು ತೆಗೆದ ಹಾಲು, ಮಾಂಸ ಕಡಿಮೆ. ಎಂಟು ವಾರದಲ್ಲಿ ಬಿಪಿ ಇದ್ದವರ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. ಒಂದು ಮಾತ್ರೆಯಷ್ಟೇ ಕೆಲಸ ಅದು. ಶುಗರಿಗೆ 2006ರಲ್ಲಿ 99 ಜನರ ಮೇಲೆ 22 ವಾರ ಪ್ರಯೋಗ ನಡೆಯಿತು. ಹಾಲು, ಮಾಂಸ ಎರಡೂ ಇಲ್ಲದ, ಕೊಬ್ಬು ಕಡಿಮೆ ಇರುವ ಊಟ ಮಾಡಿದವರ ಎಚ್‌ಬಿಎ1ಸಿ 0.96 ಇಳಿಯಿತು. ಮಾಮೂಲಿ ಶುಗರ್ ಪಥ್ಯ ಮಾಡಿದವರದ್ದು 0.56. ಅಂದರೆ ಎರಡು ಪಥ್ಯವೂ ಕೆಲಸ ಮಾಡಿದವು, ಒಂದು ಸ್ವಲ್ಪ ಹೆಚ್ಚು.

ಉಲ್ಟಾ ಹೇಳುವ ಪುರಾವೆಯನ್ನೂ ಮುಚ್ಚಿಡಬಾರದು. ಇಂಗ್ಲೆಂಡಿನಲ್ಲಿ 48 ಸಾವಿರ ಜನರನ್ನು ನೋಡಿದ ಅಧ್ಯಯನ 2019ರಲ್ಲಿ ಬಂತು. ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಿಗೆ ಹೃದಯದ ಕಾಯಿಲೆ 22% ಕಡಿಮೆ ಇತ್ತು, ಆದರೆ ಪಾರ್ಶ್ವವಾಯು 20% ಜಾಸ್ತಿ ಇತ್ತು. ವಿಟಮಿನ್ ಬಿ12 ಕೊರತೆ ಇದಕ್ಕೆ ಒಂದು ಕಾರಣ ಇರಬಹುದು ಎಂಬ ಅನುಮಾನ ಇದೆ. ಆ ಬಿ12 ವಿಷಯಕ್ಕೆ ಮುಂದೆ ಬರುತ್ತೇನೆ, ಮರೆಯುವ ಹಾಗಿಲ್ಲ.

ನಮ್ಮ ದೇಶದ ಲೆಕ್ಕ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಟ್ಟಿತು: ಶುಗರ್ ಇರುವವರು 10.1 ಕೋಟಿ, ಹೊಸ್ತಿಲ ಮೇಲೆ ಇರುವವರು 13.6 ಕೋಟಿ. ಮಾಂಸ ತೀರ ಕಡಿಮೆ ತಿನ್ನುವ ದೇಶಗಳಲ್ಲಿ ನಮ್ಮದೂ ಒಂದು. ಆದರೂ ಹೀಗೆ. ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಅನ್ನದ ಚೀಲದಲ್ಲಿದೆ.

ಮೊದಲ ಹೆಜ್ಜೆ: ಅಳತೆ ಮಾಡಿಸಿ, ಆಮೇಲೆ ಅಡುಗೆಮನೆಗೆ ಹೋಗಿ

ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಖಾಲಿ ಹೊಟ್ಟೆಯ ಶುಗರ್ 100ರಿಂದ 125ರ ಒಳಗಿದ್ದರೆ ಹೊಸ್ತಿಲು, 126 ಮತ್ತು ಮೇಲೆ ಶುಗರ್. ಎಚ್‌ಬಿಎ1ಸಿ 5.7ರಿಂದ 6.4 ಹೊಸ್ತಿಲು, 6.5ರಿಂದ ಶುಗರ್. ಬಿಪಿ 140/90 ದಾಟಿದರೆ ಇನ್ನೊಂದು ದಿನ ಮತ್ತೆ ನೋಡಿಸಿ, ಒಂದೇ ಸಲಕ್ಕೆ ಗಾಬರಿ ಬೇಡ. ಮನೆಯಲ್ಲಿ ಟೇಪ್ ತೆಗೆದುಕೊಂಡು ಹೊಕ್ಕಳ ಹತ್ತಿರ ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ತೂಕ ಸರಿ ಇದ್ದರೂ ಹೊಟ್ಟೆಯ ಕೊಬ್ಬು ಜಾಸ್ತಿ ಎಂದೇ ಅರ್ಥ. ಪ್ಯಾಂಟಿನ ಅಳತೆ ನಂಬಬೇಡಿ. ನಾವು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ನಿಲ್ಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ಇದ್ದವರು ಒಮ್ಮೆಲೇ ಅನ್ನ ಕಡಿಮೆ ಮಾಡಿದರೆ ಶುಗರ್ ತೀರ ಇಳಿದು ತಲೆ ಸುತ್ತಿ ಬೀಳಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಸೊಪ್ಪು, ಕಾಳು, ಹಣ್ಣು ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು, ಅವುಗಳಲ್ಲಿ ಪೊಟ್ಯಾಶಿಯಂ ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರು ಸೊಪ್ಪನ್ನು ದಿಢೀರನೆ ಹೆಚ್ಚಿಸಬಾರದು. ನಮ್ಮ ಮಾವ ಎರಡು ತಿಂಗಳು ಅಂಬಲಿ ಕುಡಿದು, ಮೈ ಹಗುರ ಆಗಿದೆ ಅಂತ ಬಿಪಿ ಮಾತ್ರೆ ತಾವೇ ಬಿಟ್ಟರು. ಮೂರನೇ ವಾರ ಆಸ್ಪತ್ರೆ ಸೇರಿದರು. ಊಟ ಸುಧಾರಿಸಿದರೆ ಮಾತ್ರೆ ಕಡಿಮೆ ಆಗಬಹುದು, ಅದನ್ನು ಕಡಿಮೆ ಮಾಡುವವರು ಡಾಕ್ಟರ್.

ಎರಡನೇ ಹೆಜ್ಜೆ: ಕಿರಾಣಿ ಚೀಟಿ ತೆಗೆಯಿರಿ

ಏನು ತಿನ್ನುತ್ತೀರಿ ಅಂತ ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತೇವೆ, ಬೇಕಂತಲ್ಲ. ಕಿರಾಣಿ ಅಂಗಡಿಯ ಚೀಟಿ ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಜನ. ಒಂದು ತಿಂಗಳ ಚೀಟಿ ಹೀಗಿತ್ತು: ಅಕ್ಕಿ 25 ಕೆಜಿ, ಜೋಳ 5 ಕೆಜಿ, ತೊಗರಿಬೇಳೆ 3 ಕೆಜಿ, ಎಣ್ಣೆ 6 ಲೀಟರ್, ಸಕ್ಕರೆ 5 ಕೆಜಿ. ಹೆಸರು, ಮಡಕಿ, ಅಲಸಂದಿ? ಅರ್ಧರ್ಧ ಕೆಜಿ, ಅದೂ ಡಬ್ಬಿಯಲ್ಲಿ ನುಸಿ ಹಿಡಿದಿತ್ತು.

ಇದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪಕ್ಕ ಇಟ್ಟೆ. ದಿನಕ್ಕೆ 2000 ಕ್ಯಾಲರಿ ಬೇಕಾದ ಒಬ್ಬರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಸೊಪ್ಪು 400, ಹಣ್ಣು 100, ಬೀಜಗಳು 35, ಎಣ್ಣೆ 27 ಗ್ರಾಂ, ಹಾಲು 300 ಮಿಲಿ. ನಾಲ್ಕು ಜನಕ್ಕೆ ತಿಂಗಳಿಗೆ ಗುಣಿಸಿ ನೋಡಿ: ಬೇಳೆಕಾಳು ಹತ್ತು ಕೆಜಿ ಬರಬೇಕು, ಎಣ್ಣೆ ಮೂರೂವರೆ ಲೀಟರ್ ಸಾಕು. ನಮ್ಮಲ್ಲಿ ಬೇಳೆಕಾಳು ಅರ್ಧಕ್ಕಿಂತ ಕಡಿಮೆ, ಎಣ್ಣೆ ದುಪ್ಪಟ್ಟಿನ ಹತ್ತಿರ. ಧಾನ್ಯ ಮಾತ್ರ ಲೆಕ್ಕಕ್ಕೆ ಸರಿಯಾಗಿತ್ತು, ಆದರೆ ಆರು ಪಾಲಿನಲ್ಲಿ ಐದು ಪಾಲು ಬಿಳಿ ಅಕ್ಕಿ. ನೀವೂ ಈ ಗುಣಾಕಾರ ಮಾಡಿ. ಹತ್ತು ನಿಮಿಷದ ಕೆಲಸ.

ಮೂರನೇ ಹೆಜ್ಜೆ: ಅನ್ನದ ಜಾಗಕ್ಕೆ ರೊಟ್ಟಿ ತನ್ನಿ, ಆದರೆ ಎಣಿಸಿ

ನಮ್ಮ ಅಜ್ಜಿಯ ತವರು ಕುಷ್ಟಗಿ ಕಡೆ. ಹಬ್ಬ ಬಂದರೆ ಮಾತ್ರ ಅನ್ನ, ಉಳಿದ ದಿನ ಜೋಳ, ಸಜ್ಜೆ, ನವಣೆ. 1953ರಲ್ಲಿ ತುಂಗಭದ್ರಾ ಡ್ಯಾಮ್ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಹೊಲಗಳು ಗದ್ದೆ ಆದವು. ಜೋಳ ಬೆಳೆಯುತ್ತಿದ್ದ ಮನೆಗೆ ಮೂರು ಹೊತ್ತು ಅನ್ನ ಬಂತು. ಅನ್ನ ಉಣ್ಣುವುದು ದೊಡ್ಡ ಮನೆತನದ ಗುರುತೂ ಆಯಿತು. ಕಾಲುವೆ ನಮ್ಮನ್ನು ಸಾಕಿದೆ, ಅದನ್ನು ಬೈಯಲಾರೆ. ಆದರೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ಹೊಟ್ಟೆಗೆ ಹೊಂದಿದ ಅನ್ನವನ್ನು ಕುರ್ಚಿಯಲ್ಲಿ ಕೂರುವ ನನ್ನಂಥವನೂ ಅಷ್ಟೇ ಉಂಡರೆ?

2020ರಲ್ಲಿ 21 ದೇಶಗಳ 1.32 ಲಕ್ಷ ಜನರ ಅಧ್ಯಯನ ಬಂತು. ದಿನಕ್ಕೆ 450 ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಬೆಂದ ಬಿಳಿ ಅನ್ನ ಉಣ್ಣುವವರಿಗೆ, 150 ಗ್ರಾಮಿಗಿಂತ ಕಡಿಮೆ ಉಣ್ಣುವವರಿಗಿಂತ ಶುಗರ್ ಬರುವ ಅಪಾಯ 20% ಜಾಸ್ತಿ. ದಕ್ಷಿಣ ಏಷ್ಯಾದಲ್ಲಿ ಮಾತ್ರ ನೋಡಿದರೆ 61% ಜಾಸ್ತಿ. 450 ಗ್ರಾಂ ಅಂದರೆ ಬಹಳ ಅನ್ನಿಸುತ್ತದೆ, ಅಲ್ವಾ? ನಮ್ಮ ಮಧ್ಯಾಹ್ನದ ತಟ್ಟೆಯ ಅನ್ನ ತೂಗಿದೆ, ಅದೊಂದೇ 380 ಗ್ರಾಂ ಇತ್ತು.

100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. ಜೋಳದಲ್ಲಿ ಸುಮಾರು 10, ಸಜ್ಜೆಯಲ್ಲಿ 11ರ ಮೇಲೆ. ಆದ್ದರಿಂದ ಮೊದಲು ರಾತ್ರಿಯ ಅನ್ನ ತೆಗೆದು ರೊಟ್ಟಿ ತನ್ನಿ. ಮಧ್ಯಾಹ್ನದ್ದಕ್ಕೆ ಒಂದು ತಿಂಗಳು ಕೈ ಹಾಕಬೇಡಿ, ಮನೆಯಲ್ಲಿ ಜಗಳ ಆಗುತ್ತದೆ. ಜೋಳವನ್ನು ಗಿರಣಿಯಲ್ಲಿ ಬೀಸಿಸಿ, ಹಿಟ್ಟನ್ನು ಸಾಣಿಗೆಯಲ್ಲಿ ಹಿಡಿದು ತೌಡು ಚೆಲ್ಲಬೇಡಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಹದಿನೈದು ದಿನಕ್ಕೆ ಸಾಕಾಗುವಷ್ಟೇ ಬೀಸಿಸಿ. ರೊಟ್ಟಿ ಬಡಿಯಲು ಬಾರದ ಮನೆಯವರು ನಾಚಬೇಕಿಲ್ಲ. ಕಟಗ (ಗಟ್ಟಿ ಒಣ) ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಇದ್ದಾರೆ. ಜೋಳದ ನುಚ್ಚು, ಸಂಗಟಿ, ಅಂಬಲಿ ಅಂತೂ ಕುಕ್ಕರಿನಲ್ಲೂ ಆಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಇದೆ, ಸಿರಿಧಾನ್ಯದ ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಐಸಿಎಂಆರ್‌ನ ದೇಶವ್ಯಾಪಿ ಆಹಾರ ಸಮೀಕ್ಷೆಯ ಫಲಿತಾಂಶ 2025ರಲ್ಲಿ ಬಂತು. ನಮ್ಮವರ ಕ್ಯಾಲರಿಯಲ್ಲಿ 62% ಪಿಷ್ಟ, ಸಕ್ಕರೆಯಿಂದಲೇ ಬರುತ್ತದೆ. ಬಿಳಿ ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಿಂದರೆ ಅಪಾಯ ಇಳಿದದ್ದು ಕಾಣಲಿಲ್ಲ. ಧಾನ್ಯದ ಒಂದು ಪಾಲನ್ನು ತೆಗೆದು ಅಲ್ಲಿ ಕಾಳು, ಹಾಲಿನಂಥ ಪ್ರೋಟೀನ್ ಇಟ್ಟಾಗ ಇಳಿಯಿತು. ಅಂದರೆ ಅನ್ನ ಬಿಟ್ಟು ಆರು ರೊಟ್ಟಿ ಹೊಡೆದರೆ ಏನೂ ಲಾಭ ಆಗಲಿಲ್ಲ. ನಮ್ಮನೆಯ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು. ದಿನಕ್ಕೆ 250 ಗ್ರಾಂ ಧಾನ್ಯ ಅಂದರೆ ನಾಲ್ಕು ರೊಟ್ಟಿಗೆ ಲೆಕ್ಕ ಮುಗಿಯಿತು, ಬೇರೆ ಅನ್ನ ಇಲ್ಲ, ನಾಷ್ಟಾ ಇಲ್ಲ. ನಾನು ಎರಡು ರೊಟ್ಟಿ, ಒಂದು ಬಟ್ಟಲು ಅನ್ನ, ಸಣ್ಣ ನಾಷ್ಟಾ ಅಂತ ಹಂಚಿಕೊಂಡೆ. ಹೊಲದಲ್ಲಿ ದುಡಿಯುವವರಿಗೆ, ಬೆಳೆಯುವ ಹುಡುಗರಿಗೆ ಈ ಲೆಕ್ಕ ಹಾಕಬೇಡಿ, ಅವರಿಗೆ ಜಾಸ್ತಿ ಬೇಕು.

ನಾಲ್ಕನೇ ಹೆಜ್ಜೆ: ಕಾಳಿಗೆ ತಟ್ಟೆಯಲ್ಲಿ ಜಾಗ ಕೊಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ತೊಗರಿ ಬೆಳೆಯುವ ಸೀಮೆ ನಮ್ಮದು. ಆದರೂ ಹೋಟೆಲಿನ ಸಾರಿನ ಬಕೆಟ್ ತಳದಲ್ಲಿ ಬೇಳೆ ಹುಡುಕಬೇಕು. ತಿಳಿಸಾರಿನಲ್ಲಿ ಕೈ ತೊಳೆದಂತೆ ಬೇಳೆ ಹಾಕಿ, ನಾವು ಬೇಳೆ ಉಣ್ಣುತ್ತೇವೆ ಅಂದುಕೊಂಡಿದ್ದೇವೆ. ಒಬ್ಬರಿಗೆ ದಿನಕ್ಕೆ 85 ಗ್ರಾಂ ಅಂದರೆ ಒಣ ಕಾಳು ಎರಡು ಹಿಡಿಗಿಂತ ಸ್ವಲ್ಪ ಕಡಿಮೆ. ಮಧ್ಯಾಹ್ನ ಗಟ್ಟಿ ಬೇಳೆ, ರಾತ್ರಿ ಕಾಳಿನ ಪಲ್ಯ ಆದರೆ ಸರಿಹೋಯಿತು. ಇಡೀ ಹೆಸರುಕಾಳಿನ 100 ಗ್ರಾಮಿನಲ್ಲಿ ಪ್ರೋಟೀನ್ 22 ಗ್ರಾಂ, ನಾರು 17 ಗ್ರಾಂ. ಸಿಪ್ಪೆ ಇರುವ ಕಡಲೆಯಲ್ಲಿ ನಾರು 25 ಗ್ರಾಂ. ಸಿಪ್ಪೆ ತೆಗೆದ ತೊಗರಿಬೇಳೆಯಲ್ಲಿ 9. ಆದ್ದರಿಂದ ಬೇಳೆಗಿಂತ ಇಡೀ ಕಾಳು ಒಂದು ಕೈ ಮೇಲು.

ಮಾಡುವ ಬಗೆ ಹೀಗೆ. ಭಾನುವಾರ ಹೆಸರು, ಮಂಗಳವಾರ ಮಡಕಿ, ಗುರುವಾರ ಅಲಸಂದಿ, ಶನಿವಾರ ಹುರುಳಿ ಅಂತ ವಾರ ಗೊತ್ತುಮಾಡಿ. ರಾತ್ರಿ ನೆನೆಹಾಕಿ. ಮುಂಜಾನೆ ಆ ನೀರು ಚೆಲ್ಲಿ, ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಹತ್ತುತ್ತದೆ, ಸಂಜೆಗೇ ಮೊಳಕೆ ಬರುತ್ತದೆ. ಮರೆತು ರಾತ್ರಿ ಬಿಟ್ಟರೆ ಹುಳಿ ವಾಸನೆ ಬಂದು ದನಕ್ಕೆ ಹಾಕಬೇಕಾಗುತ್ತದೆ. ಚಳಿಗಾಲದಲ್ಲಿ ಒಂದೂವರೆ ದಿನ ಬೇಕು. ಮೊಳಕೆಯನ್ನು ಹಸಿಯಾಗಿ ತಿನ್ನುವ ಫ್ಯಾಷನ್ ಈಗ ಇದೆ, ನನಗೆ ಒಪ್ಪಿಗೆ ಇಲ್ಲ. ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಕಾಳಿನ ಜೊತೆ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಹಬೆಯಲ್ಲಿ ಬೇಯಿಸಿ, ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು ಉಸುಳಿ ಮಾಡಿ.

ಗ್ಯಾಸ್ ಆಗುತ್ತದೆ ಅನ್ನುತ್ತೀರಿ. ಆಗುತ್ತದೆ. ನಾನು ಮೊದಲ ವಾರವೇ ದಿನಾ ದೊಡ್ಡ ಬಟ್ಟಲು ಕಡಲೆ ತಿಂದು ಹತ್ತನೇ ಕ್ಲಾಸಿನಲ್ಲಿ ಪಾಠ ಮಾಡುವಾಗ ಪಟ್ಟ ಪಾಡು ನನಗೇ ಗೊತ್ತು. ಅರ್ಧ ಹಿಡಿಯಿಂದ ಶುರುಮಾಡಿ, ಮೂರು ನಾಲ್ಕು ವಾರದಲ್ಲಿ ಏರಿಸಿ. ಹೊಟ್ಟೆಗೆ ರೂಢಿ ಆಗುತ್ತದೆ. ನೆನೆಸಿದ ನೀರು ಚೆಲ್ಲುವುದು, ಇಂಗು, ಶುಂಠಿ, ಚೆನ್ನಾಗಿ ಬೇಯಿಸುವುದು, ನೀರು ಜಾಸ್ತಿ ಕುಡಿಯುವುದು, ಇಷ್ಟು ಸಾಕು. ಹಲ್ಲಿಲ್ಲದ ಹಿರಿಯರಿಗೆ ಹೆಸರುಬೇಳೆಯ ಗಟ್ಟಿ ತೊವ್ವೆ ಮಾಡಿಕೊಡಿ.

ಐದನೇ ಹೆಜ್ಜೆ: ಸೊಪ್ಪು, ಹಸಿ ತರಕಾರಿ, ಇಡೀ ಹಣ್ಣು

ಅರ್ಧ ತಟ್ಟೆ ತರಕಾರಿ ಅಂದರೆ ನಗರದವರ ಸಲಾಡ್ ಅಂತ ಮುಖ ಸಿಂಡರಿಸಬೇಡಿ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು, ಬೇಳೆ ಹಾಕಿ ಮಾಡಿದರೆ ಧಾನ್ಯ, ಕಾಳು, ಸೊಪ್ಪು ಮೂರೂ ಒಂದೇ ಗಡಿಗೆಯಲ್ಲಿ. ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಹಸಿಯಾಗಿ ಕಡಿಯುವುದು ನಮ್ಮ ಹಿರಿಯರ ರೂಢಿ. ಸವತೆಕಾಯಿ, ಗಜ್ಜರಿ ಪಚಡಿಗೆ ಹತ್ತು ನಿಮಿಷ ಸಾಕು. ಹಸಿ ತಿನ್ನುವ ಸೊಪ್ಪನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಟ್ಟು ಹರಿಯುವ ನೀರಿನಲ್ಲಿ ಎರಡು ಸಲ ತೊಳೆಯಿರಿ. ಬೇಸಿಗೆಯಲ್ಲಿ ಸೊಪ್ಪಿನ ರೇಟು ಏರುತ್ತದೆ, ತಂದದ್ದು ಮಧ್ಯಾಹ್ನಕ್ಕೇ ಬಾಡುತ್ತದೆ. ಆಗ ನುಗ್ಗೆಸೊಪ್ಪು ಕೈ ಹಿಡಿಯುತ್ತದೆ. ಮರ ಯಾರ ಹಿತ್ತಲಲ್ಲಾದರೂ ಇದ್ದೇ ಇರುತ್ತದೆ, ಸುಮ್ನೆ ಕೇಳಿದರೂ ಕೊಡುತ್ತಾರೆ.

ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಜೊತೆಗಿನ ಚಹಾ ಒಂದು ಗಂಟೆ ಮುಂದಕ್ಕೆ ಹಾಕಿ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಮನೆಯ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಅನ್ನ, ಸಾರು ಉಣ್ಣುವ ಪದ್ಧತಿ ಇರುವ ತನಕ ಈ ಲೇಖನದ ಅರ್ಧ ವ್ಯರ್ಥ. ಕಾಳಿನ ಪಲ್ಯದಲ್ಲಿ ಅವರ ಪಾಲು ಮೊದಲೇ ತೆಗೆದಿಡಿ.

ಹಣ್ಣು ಹಿಂಡಿ ಕುಡಿಯಬೇಡಿ, ಕಚ್ಚಿ ತಿನ್ನಿ. ಪೇರಲ, ಬಾರೆಹಣ್ಣು, ಸೀಸನ್ನಿನಲ್ಲಿ ಕುಷ್ಟಗಿ ಕಡೆಯ ದಾಳಿಂಬೆ. ಸೇಬೇ ಆಗಬೇಕೆಂದಿಲ್ಲ.

ಆರನೇ ಹೆಜ್ಜೆ: ಎಣ್ಣೆ ಕ್ಯಾನು, ಉಪ್ಪಿನ ಪಾಕೀಟಿನ ಮೇಲೆ ತಾರೀಖು ಬರೆಯಿರಿ

195 ದೇಶಗಳ ಲೆಕ್ಕ ಹಾಕಿದ ಅಧ್ಯಯನದ ಪ್ರಕಾರ 2017ರಲ್ಲಿ 1.1 ಕೋಟಿ ಸಾವಿಗೆ ಊಟದ ದೋಷವೇ ಕಾರಣ. ಅದರಲ್ಲಿ ಮೊದಲ ಮೂರು ದೋಷಗಳು: ಉಪ್ಪು ಜಾಸ್ತಿ, ಇಡೀ ಧಾನ್ಯ ಕಡಿಮೆ, ಹಣ್ಣು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ ಇರಿ ಅನ್ನುತ್ತದೆ. ನಾಲ್ಕು ಜನದ ಮನೆಗೆ ಒಂದು ಕೆಜಿ ಪಾಕೀಟು 50 ದಿನ ಬರಬೇಕು. ಒಡೆದ ದಿನ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಮ್ಮಲ್ಲಿ 27 ದಿನಕ್ಕೆ ಮುಗಿದಿತ್ತು, ಹಪ್ಪಳ, ಉಪ್ಪಿನಕಾಯಿ, ಬೇಕರಿ ಖಾರಾ ಲೆಕ್ಕಕ್ಕೆ ಹಿಡಿಯದೆ. ಎಣ್ಣೆ ಕ್ಯಾನಿಗೂ ಹೀಗೇ ಮಾಡಿ. ಐದು ಲೀಟರ್ ಕ್ಯಾನು ನಾಲ್ಕು ಜನಕ್ಕೆ 40 ದಿನ ಬರಬೇಕು.

ಖಾರ ಉಣ್ಣುವ ನಾಲಿಗೆಗೆ ಉಪ್ಪು ಕಡಿಮೆ ಆದರೆ ತಕ್ಷಣ ಗೊತ್ತಾಗುತ್ತದೆ. ಒಮ್ಮೆಲೇ ಕಡಿಮೆ ಮಾಡಬೇಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ಹುಣಸೆ, ನಿಂಬೆ, ಪುಂಡಿಯ ಹುಳಿ ಆ ಜಾಗ ತುಂಬುತ್ತದೆ. ರೊಟ್ಟಿ ಹಿಟ್ಟಿಗೆ ಉಪ್ಪು ಬೇಕಿಲ್ಲ.

ಮಿರ್ಚಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಈ ಊರಲ್ಲಿ ಇರಲು ಬಿಡುವುದಿಲ್ಲ. ದಿನದ್ದನ್ನು ವಾರಕ್ಕೊಮ್ಮೆ ಮಾಡಿ. ಕಪ್ಪಗಾದ ಎಣ್ಣೆಯಲ್ಲಿ ಕರಿಯುವ ಬಂಡಿಗೆ ಹೋಗಬೇಡಿ. ಮಂಡಾಳು ಒಗ್ಗರಣೆಗೆ ಶೇಂಗಾ, ಪುಟಾಣಿ, ಉಳ್ಳಾಗಡ್ಡಿ, ಟೊಮೆಟೊ ಜಾಸ್ತಿ ಹಾಕಿ ಮಂಡಾಳು ಕಡಿಮೆ ಮಾಡಿದರೆ ಅದೂ ಪರವಾಗಿಲ್ಲ.

ಏಳನೇ ಹೆಜ್ಜೆ: ಹಿಂಡಿ ಡಬ್ಬಿಗಳು

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ದಿನಕ್ಕೆ ಎಲ್ಲ ಸೇರಿ ಎರಡು ಮೂರು ಚಮಚ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಹುರಿದು ಪುಡಿ ಮಾಡಿದ ನಮ್ಮ ಅಜ್ಜಿಯ ಪದ್ಧತಿಯೇ ಸರಿ. ಸ್ವಲ್ಪ ಸ್ವಲ್ಪ ಕುಟ್ಟಿಕೊಳ್ಳಿ, ಬೇಗ ಮುಗ್ಗುತ್ತದೆ. ಉಪ್ಪು ಅರ್ಧ ಮಾಡಿ.

ಎಂಟನೇ ಹೆಜ್ಜೆ: ಬಿ12, ಮತ್ತು ಮಾಂಸದ ಪ್ರಶ್ನೆ

ಬಿ12 ಗಿಡದಲ್ಲಿ ಸಿಗುವುದಿಲ್ಲ. ಹಾಲು, ಮೊಸರಿನಿಂದ ಸ್ವಲ್ಪ ಬರುತ್ತದೆ. ಮೊಟ್ಟೆ, ಮಾಂಸ ಮುಟ್ಟದವರು ಒಮ್ಮೆ ರಕ್ತದಲ್ಲಿ ಬಿ12 ನೋಡಿಸಿ. ಶುಗರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಂತೂ ನೋಡಿಸಲೇಬೇಕು, ಆ ಮಾತ್ರೆ ಬಿ12 ಇಳಿಸುತ್ತದೆ. ಕೈಕಾಲು ಜೋಮು ಹಿಡಿಯುವುದು, ಮರೆವು, ಸುಸ್ತು ಇದರ ಲಕ್ಷಣ. ಹಾಲನ್ನೂ ಬಿಡುವವರು ಮಾತ್ರೆ ಇಲ್ಲದೆ ಬಿಡಬೇಡಿ. ಶುದ್ಧ ಊಟ ಮಾಡುವವರಿಗೆ ಮಾತ್ರೆ ಯಾಕೆ ಅನ್ನುವ ಅಭಿಮಾನ ನರಗಳನ್ನು ಹಾಳುಮಾಡುತ್ತದೆ.

ನಮ್ಮ ಮೂರು ಜಿಲ್ಲೆಯಲ್ಲಿ ಮಾಂಸ ಉಣ್ಣುವ ಮನೆಗಳೇ ಬಹಳ. ಅವರು ಈ ಲೇಖನ ತಮಗಲ್ಲ ಅಂದುಕೊಳ್ಳಬಾರದು. ಹಾರ್ವರ್ಡ್ ಲೆಕ್ಕದಲ್ಲಿ ಒಳ್ಳೆಯ ಅಂಕ ಪಡೆದವರೆಲ್ಲ ಸಸ್ಯಾಹಾರಿಗಳಲ್ಲ, ಗಿಡದ ಆಹಾರ ಜಾಸ್ತಿ, ಮಾಂಸ ಕಡಿಮೆ ಇದ್ದವರೂ ಅದರಲ್ಲಿದ್ದರು. ಭಾನುವಾರ ಮಟನ್ ಮಾಡಿದರೆ ಎರಡು ತುಂಡು, ಜೊತೆಗೆ ಕಾಳು, ಸೊಪ್ಪು. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ, ಅದು ನಮ್ಮ ಸಂತೆಗೆ ಇನ್ನೂ ಜಾಸ್ತಿ ಬಂದಿಲ್ಲ, ಬರುವುದೂ ಬೇಡ.

ಒಂದು ದಿನದ ಊಟ, ನಮ್ಮ ಮನೆಯದು

ಮುಂಜಾನೆ ಹೆಸರುಕಾಳಿನ ಉಸುಳಿ ಒಂದು ಬಟ್ಟಲು, ಅಥವಾ ತರಕಾರಿ ಹಾಕಿದ ನವಣೆ ಉಪ್ಪಿಟ್ಟು, ಸಕ್ಕರೆ ಅರ್ಧ ಚಮಚದ ಚಹಾ. ಹನ್ನೊಂದಕ್ಕೆ ಒಂದು ಪೇರಲ. ಮಧ್ಯಾಹ್ನ ಒಂದು ರೊಟ್ಟಿ, ಪುಂಡಿ ಪಲ್ಯ, ಪಚಡಿ, ಆಮೇಲೆ ಸಣ್ಣ ಬಟ್ಟಲು ಅನ್ನಕ್ಕೆ ಗಟ್ಟಿ ಬೇಳೆ, ಮಜ್ಜಿಗೆ. ಸಂಜೆ ಹುರಿದ ಶೇಂಗಾ ಒಂದು ಹಿಡಿ. ರಾತ್ರಿ ಎಂಟರೊಳಗೆ ಒಂದು ರೊಟ್ಟಿ, ಮಡಕಿ ಕಾಳಿನ ಪಲ್ಯ, ಬದನೆಕಾಯಿ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ. ರೊಟ್ಟಿ, ಪಲ್ಯ, ಪಚಡಿ ಮೊದಲು, ಅನ್ನ ಕೊನೆಗೆ. ಹೊಟ್ಟೆ ಅರ್ಧ ತುಂಬಿದ ಮೇಲೆ ಅನ್ನ ತಾನೇ ಕಡಿಮೆ ಆಗುತ್ತದೆ.

ಮದುವೆ, ಜಾತ್ರೆಗಳಲ್ಲಿ ಲೆಕ್ಕ ಹಾಕುತ್ತ ಕೂರಬೇಡಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ, ಮಿರ್ಚಿಯೂ ಇರುತ್ತದೆ. ಎರಡೂ ಉಣ್ಣಿ. ವರ್ಷದ ಉಳಿದ ದಿನಗಳಲ್ಲಿ ಏನು ಉಣ್ಣುತ್ತೀರಿ ಎಂಬುದು ರಕ್ತದ ಚೀಟಿಯಲ್ಲಿ ಕಾಣುತ್ತದೆ.

ಒಂಬತ್ತನೇ ಹೆಜ್ಜೆ: ಮೂರು ತಿಂಗಳಿಗೆ ಮತ್ತೆ ಅಳೆಯಿರಿ

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಹದಿನೈದು ದಿನಕ್ಕೇ ಪರೀಕ್ಷೆಗೆ ಓಡಿದರೆ ದುಡ್ಡು ದಂಡ. ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿನಲ್ಲಿ ಮಾಡಿಸಿ, ಹಳೆಯ ಚೀಟಿಗೆ ಹೊಸದನ್ನು ಪಿನ್ ಮಾಡಿ ಡಾಕ್ಟರಿಗೆ ತೋರಿಸಿ.

ನನ್ನ ಖಾಲಿ ಹೊಟ್ಟೆಯ ಶುಗರ್ 104ಕ್ಕೆ ಬಂತು, ಎಚ್‌ಬಿಎ1ಸಿ 5.8. ಸೊಂಟ ನಾಲ್ಕು ಸೆಂಟಿಮೀಟರ್ ಇಳಿಯಿತು. ಜೊತೆಗೆ ಸಂಜೆ ನಡಿಗೆಯನ್ನೂ ಶುರುಮಾಡಿದ್ದೆ, ಆದ್ದರಿಂದ ಎಲ್ಲ ಊಟದ್ದೇ ಅಂತ ಹೇಳಿದರೆ ಗಣಿತದ ಮೇಷ್ಟ್ರಿಗೆ ಅವಮಾನ. ನನ್ನ ಹೆಂಡತಿ ಅದೇ ಅಡುಗೆ ಮಾಡಿ, ಅದೇ ಊಟ ಉಂಡು, ಅಷ್ಟೇ ದೂರ ನಡೆದಳು. ಅವಳ ಬಿಪಿ 148ರಿಂದ 144ಕ್ಕೆ ಬಂದು ನಿಂತಿತು. ಅವಳ ತಾಯಿಗೂ, ಇಬ್ಬರು ಅಕ್ಕಂದಿರಿಗೂ ಬಿಪಿ ಇದೆ. ಡಾಕ್ಟರಮ್ಮ ಸಣ್ಣ ಡೋಸಿನ ಮಾತ್ರೆ ಬರೆದುಕೊಟ್ಟರು, ಊಟ ಹೀಗೇ ಇರಲಿ ಅಂದರು. ಆ ಮಾತ್ರೆ ಈಗ ಅಗಸಿ ಹಿಂಡಿ ಡಬ್ಬಿಯ ಪಕ್ಕದಲ್ಲೇ ಇರುತ್ತದೆ, ರಾತ್ರಿ ರೊಟ್ಟಿಗೆ ಕೈ ಹಾಕಿದಾಗ ಕಾಣಲಿ ಅಂತ.